ಒಂದು ಚಮಚ ಅಗಸೆ ಎಣ್ಣೆ

"ಕಾಲಿನ ಕಡೆ ಎತ್ರಪ್ಪಾ, ಕಾಲಿನ ಕಡೆ! ತಲೆ ಗೋಡೆಗೆ ತಾಗ್ತಾ ಇದೆ, ಕಾಣಲ್ವಾ?"

ಕುಜ್ಮಿಚ್ ಹಿಂದಕ್ಕೆ ಹೆಜ್ಜೆ ಇಡುತ್ತ ಕೂಗುತ್ತಿದ್ದ. ಐದು ಸಂಸಾರಗಳು ಒಂದೇ ಅಡುಗೆಮನೆ, ಒಂದೇ ಬಚ್ಚಲು ಹಂಚಿಕೊಂಡಿದ್ದ ಆ ಮನೆಯ ನಡುಹಾದಿ ಮೊದಲೇ ಕಿರಿದು. ಸಾಲದ್ದಕ್ಕೆ ಒಂದು ಸೈಕಲ್ಲು, ತಗಡಿನ ತೊಟ್ಟಿ, ಯಾರದೋ ಬಾಗಿಲಿಲ್ಲದ ಬೀರು. ಆಸ್ಪತ್ರೆಯಿಂದ ತಂದ ಶವಪೆಟ್ಟಿಗೆಯನ್ನು ನಾಲ್ಕು ಜನ ಓರೆ ಮಾಡಿ, ಉಸಿರು ಬಿಗಿಹಿಡಿದು, ಕೊನೆಯ ಕೋಣೆಗೆ ತಂದು ಮೇಜಿನ ಮೇಲೆ ಇಳಿಸಿದರು. ಇಳಿಸಿದ ಕೂಡಲೇ ಮೇಜು ಒಂದು ಕಡೆಗೆ ವಾಲಿತು.

"ನೋಡಿದ್ಯಾ ಯೆಗೊರೊವ್ನಾ? ಸತ್ತ ಮೇಲೂ ನೆಮ್ಮದಿಯಾಗಿ ಮಲಗೋಕೆ ಬಿಡಲ್ಲ ಈ ಮೇಜು. ಈ ಮನೆಗೆ ಬಂದಾಗಿನಿಂದ ಕೇಳ್ತಾ ಇದೀನಿ, ಪಾವ್ಲೊವ್ನಾ, ಒಂದು ಕಾಲನ್ನ ಬೆರಳಷ್ಟು ಕುಯ್ದು ಸರಿ ಮಾಡಿಕೊಡ್ತೀನಿ ಅಂತ. ಮುಟ್ಟೋಕೆ ಬಿಡಲಿಲ್ಲ ಮಹಾರಾಯ್ತಿ. ಪಕ್ಕದ ಕೋಣೇಲಿ ಬಡಗಿ ಇದ್ದೂ ಮೇಜು ಮಾತ್ರ ಕುಡಿದವನ ಹಾಗೆ ತೂರಾಡಬೇಕು."

ಬಾಯಿ ಹೀಗೆ ಆಡುತ್ತಿದ್ದರೂ ಕುಜ್ಮಿಚ್‌ನ ಕಣ್ಣು ಒದ್ದೆಯಾಗಿತ್ತು. ಗ್ಲಾಫಿರಾ ಯೆಗೊರೊವ್ನಾ ಹಳೆಯ ಪತ್ರಿಕೆಯೊಂದನ್ನು ಮಡಚಿ ಮೇಜಿನ ಕಾಲಿಗೆ ಒತ್ತು ಕೊಟ್ಟಳು. ಆ ಕಾಲು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಕನ್ನಡಿಯ ಮೇಲೆ ಬಿಳಿ ಬಟ್ಟೆ ಹೊದಿಸಿದಳು, ಕಿಟಕಿಯ ಅಂಚಿನಲ್ಲಿ ಸತ್ತವಳ ಪಾಲಿನ ವೋಡ್ಕಾ ಲೋಟವನ್ನಿಟ್ಟು ಅದರ ಮೇಲೊಂದು ಕಪ್ಪು ರೊಟ್ಟಿಯ ತುಂಡು ಮುಚ್ಚಿದಳು. ಮಾಡಬೇಕಾದ್ದನ್ನೆಲ್ಲ ಮಾಡಿದಳು. ಅಳು ಮಾತ್ರ ಬರಲಿಲ್ಲ.

ಪೆಟ್ಟಿಗೆಯೊಳಗೆ ಅಗ್ನಿಯಾ ಪಾವ್ಲೊವ್ನಾ ಚಿಕ್ಕ ಹುಡುಗಿಯಷ್ಟೇ ಇದ್ದಳು. ಹಣೆಯ ಮೇಲೆ ಪ್ರಾರ್ಥನೆ ಅಚ್ಚಾದ ಕಾಗದದ ಪಟ್ಟಿ, ತಲೆಗೆ ಗ್ಲಾಫಿರಾಳದೇ ಬಿಳಿ ವಸ್ತ್ರ. ಬಲಗೈಯ ಉಗುರ ಸಂದಿನಲ್ಲಿ ವರ್ಷಗಟ್ಟಲೆ ಕುಂಚ ಹಿಡಿದ ಕೆಂಪು ಬಣ್ಣ ಇನ್ನೂ ಉಳಿದಿತ್ತು. ಮೊನ್ನೆ ಆಸ್ಪತ್ರೆಯಲ್ಲಿ ಶವಕ್ಕೆ ಸ್ನಾನ ಮಾಡಿಸುವಾಗ ಗ್ಲಾಫಿರಾ ಎಷ್ಟು ಉಜ್ಜಿದರೂ ಅದು ಹೋಗಿರಲಿಲ್ಲ.

ಈ ಕೈ ತನ್ನ ಮಗಳನ್ನು ಬದುಕಿಸಿದ ಕೈ. ಅದನ್ನು ಗ್ಲಾಫಿರಾ ಒಂದು ದಿನವೂ ಮರೆತವಳಲ್ಲ. ಆದರೆ ಯುದ್ಧದಲ್ಲಿ ಶತ್ರುಗಳು ಊರಿಗೆ ಮುತ್ತಿಗೆ ಹಾಕಿ ಜನ ಹಸಿವಿನಿಂದ ಸಾಯುತ್ತಿದ್ದ ಆ ಚಳಿಗಾಲದಲ್ಲಿ ಇದೇ ಕೈ ಒಂದು ಚಮಚ ಎಣ್ಣೆಯನ್ನು ಆ ಮಗುವಿಗೆ ಕೊಡದೆ ಹೋಗಿತ್ತು. ಒಂದೇ ಒಂದು ಚಮಚ. ಅದನ್ನೂ ಗ್ಲಾಫಿರಾ ಮರೆಯಲಾರದೆ ಹೋಗಿದ್ದಳು. ಎಷ್ಟೋ ಸಲ ತನಗೆ ತಾನೇ ಬೈದುಕೊಂಡಿದ್ದಳು. ಗಂಟಲಿಗೆ ಸಿಕ್ಕ ಮೀನಿನ ಮುಳ್ಳು ಬೈದರೆ ಇಳಿಯುವುದಿಲ್ಲ. ಈಗ ಕೇಳಿ ಬಗೆಹರಿಸಿಕೊಳ್ಳಲು ಆಕೆಯೇ ಇಲ್ಲ. ಪೆಟ್ಟಿಗೆ ಹೊರಗೆ ಹೋಗುವ ಮೊದಲು ಒಂದು ಹನಿ ಕಣ್ಣೀರಾದರೂ ಬರಲಿ ಎಂದು ಅವಳು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು.

"ಅಮ್ಮಾ, ನೀನು ಸ್ವಲ್ಪ ಕೂತ್ಕೋ," ಎಂದಳು ತಾಸ್ಯಾ. ಬದುಕಿ ಉಳಿದ ಮಗಳು ಅವಳೇ. ಈಗ ತುಂಬು ಬಸುರಿ. ಗೋಡೆಯ ಪಕ್ಕದ ಪೆಟಾರಿಯ ಮೇಲೆ ಕೂತು ಸದ್ದಿಲ್ಲದೆ ಅಳುತ್ತಿದ್ದಳು. ಮಗಳಿಗೆ ಅಷ್ಟು ಸುಲಭವಾಗಿ ಅಳು ಬಂದದ್ದನ್ನು ಕಂಡು ಗ್ಲಾಫಿರಾಗೆ ಹೊಟ್ಟೆಕಿಚ್ಚಾಯಿತು.

ಕಾರ್ಖಾನೆಯಿಂದ ಜಿನಾಯ್ದಾ ಬಂದಳು, ಕೈಯಲ್ಲಿ ಕಾಗದದ ಹೂವಿನ ದೊಡ್ಡ ಚಕ್ರ. ತಗಡಿನ ತಟ್ಟೆಗಳಿಗೆ ಹೂ ಬರೆಯುವ ಆ ಕಾರ್ಖಾನೆಯಲ್ಲಿ ಅಗ್ನಿಯಾ ಪಾವ್ಲೊವ್ನಾ ಕಣ್ಣು ಮಂಜಾಗುವ ತನಕ ದುಡಿದಿದ್ದಳು.

"ನಮ್ಮ ವಿಭಾಗದಲ್ಲಿ ಅವರಷ್ಟು ಬೇಗ ಗುಲಾಬಿ ಬರೆಯೋರು ಇನ್ನೊಬ್ರಿರಲಿಲ್ಲ. ನಾಲ್ಕು ಸಲ ಕುಂಚ ತಿರುಗಿಸಿದ್ರೆ ಒಂದು ಗುಲಾಬಿ," ಎಂದು ಜಿನಾಯ್ದಾ ಮೂಗು ಒರೆಸಿಕೊಂಡಳು. "ಆದ್ರೆ ಒಂದಿನ ನಾನು ಕೇಳ್ದೆ, ಪಾವ್ಲೊವ್ನಾ, ನಿಮ್ಮನೇಲಿ ಇಂಥ ತಟ್ಟೆ ಎಷ್ಟಿದೆ ಅಂತ. ಒಂದೂ ಇಲ್ಲ ಕಣೆ, ನನಗೆ ಗುಲಾಬಿ ಕಂಡ್ರೆ ಆಗಲ್ಲ ಅಂದುಬಿಟ್ರು! ಆಗದೆ ಇರೋದನ್ನ ಹೇಗೆ ಜೀವಮಾನವೆಲ್ಲ ಬರೆದ್ರೋ, ದೇವರೇ ಬಲ್ಲ."

"ನನಗೆ ನನ್ನ ಹೆಂಡತಿ ಕಂಡ್ರೆ ಆಗ್ತಿರಲಿಲ್ಲ," ಎಂದ ಕುಜ್ಮಿಚ್. "ಜೀವಮಾನವೆಲ್ಲ ಬಾಳಲಿಲ್ವಾ?"

"ಸಾವಿನ ಮನೇಲಾದ್ರೂ ಬಾಯಿ ಮುಚ್ಚಯ್ಯಾ," ಎಂದಳು ಗ್ಲಾಫಿರಾ.

ಅಷ್ಟರಲ್ಲಿ ಹೊರಬಾಗಿಲ ಗಂಟೆ ಸದ್ದಾಯಿತು.

ಬಂದವನು ನಲವತ್ತರ ಆಸುಪಾಸಿನ ಗಂಡಸು. ಟೋಪಿಯ ಮೇಲೆ ಹಿಮ. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಐದು ಕೆಂಪು ಹೂವು. ಹೊರಗೆ ಗೋಡೆಗೆ ಒರಗಿಸಿಟ್ಟ ಶವಪೆಟ್ಟಿಗೆಯ ಮುಚ್ಚಳವನ್ನು ನೋಡಿದ್ದರೂ ಅವನ ಮನಸ್ಸು ಅದನ್ನು ಒಪ್ಪಿರಲಿಲ್ಲ.

"ಅಗ್ನಿಯಾ ಪಾವ್ಲೊವ್ನಾ ಇಲ್ಲೇ ಇರೋದು ತಾನೇ?"

"ಇಲ್ಲೇ," ಎಂದ ಕುಜ್ಮಿಚ್. "ಇನ್ನೊಂದು ಗಂಟೆ ಇರ್ತಾರೆ. ಒಳಗೆ ಬನ್ನಿ."

ಅವನು ಬಾಗಿಲಲ್ಲೇ ನಿಂತುಬಿಟ್ಟ. ಹೆಸರು ರೊದಿಯೊನ್, ಬೇರೆ ಊರಿನ ಚಿತ್ರ ಸಂಗ್ರಹಾಲಯದಲ್ಲಿ ಕೆಲಸ. ಈಕೆ ಎಂದೋ ತೀರಿಹೋಗಿದ್ದಾಳೆ ಎಂದೇ ಎಲ್ಲರೂ ತಿಳಿದಿದ್ದರಂತೆ. ಬದುಕಿದ್ದಾಳೆಂದು ಕಳೆದ ವಾರವಷ್ಟೇ ಯಾರೋ ಹೇಳಿದರಂತೆ. ರಾತ್ರಿ ರೈಲು ಹಿಡಿದು ಬಂದಿದ್ದ.

ಗ್ಲಾಫಿರಾ ಅವನ ಕೈಯ ಹೂವನ್ನೇ ನೋಡುತ್ತಿದ್ದಳು. ಐದು. ಬೆಸ ಸಂಖ್ಯೆ, ಬದುಕಿರುವವರಿಗೆ ಕೊಡುವ ಲೆಕ್ಕ. ಸತ್ತವರ ಮುಂದೆ ಜೋಡಿ ಹೂವಿಡಬೇಕು, ಅದು ಚಿಕ್ಕ ಮಕ್ಕಳಿಗೂ ಗೊತ್ತು. ಅಗ್ನಿಯಾ ಪಾವ್ಲೊವ್ನಾಳನ್ನು ಜೀವಂತ ನೋಡಲು ಇಷ್ಟು ವರ್ಷಗಳಲ್ಲಿ ಹೂ ಹಿಡಿದು ಬಂದವನು ಇವನೊಬ್ಬನೇ, ಇವನೂ ತಡವಾಗಿ ಬಂದ. ಅವಳು ಮಾತಾಡದೆ ಒಂದು ಹೂವನ್ನು ಎಳೆದು ತಾಸ್ಯಾಳ ಕೈಗಿಟ್ಟಳು. ಉಳಿದ ನಾಲ್ಕನ್ನು ಅವನೇ ಪೆಟ್ಟಿಗೆಯಲ್ಲಿಟ್ಟ.

ಆಮೇಲೆ ಅವನು ಒಳಜೇಬಿನಿಂದ ಒಂದು ಹಳೆಯ ಫೋಟೋ ತೆಗೆದ. ಕೂದಲನ್ನು ಗಂಡುಹುಡುಗರಂತೆ ಕತ್ತರಿಸಿಕೊಂಡ ಹುಡುಗಿಯೊಬ್ಬಳು ಕುರ್ಚಿಯ ಮೇಲೆ ಹತ್ತಿ ನಿಂತು ನಗುತ್ತಿದ್ದಳು. ಅವಳ ಹಿಂದೆ ಗೋಡೆ ತುಂಬ ಚಿತ್ರಗಳು. ಚಿತ್ರ ಎಂದರೆ ಮನುಷ್ಯರಲ್ಲ, ಮರಗಿಡವಲ್ಲ. ಬರೀ ವೃತ್ತ, ಕೋನ, ಪಟ್ಟೆ.

"ಇದು ಪಾವ್ಲೊವ್ನಾನಾ?" ಎಂದು ಜಿನಾಯ್ದಾ ಬಗ್ಗಿ ನೋಡಿದಳು. "ಅಯ್ಯೋ, ಕುರ್ಚಿ ಮೇಲೆ ಹತ್ತಿದಾರಲ್ಲ! ನಮ್ಮಲ್ಲಿ ಸಭೆಯಾದ್ರೆ ಹಿಂದಿನ ಸಾಲಲ್ಲಿ ಕೂತು ಬಾಯೇ ಬಿಡ್ತಿರಲಿಲ್ಲ."

"ಆಗ ಈ ಊರಲ್ಲಿ ಅವರ ಹೆಸರು ಕೇಳದವರಿರಲಿಲ್ಲ," ಎಂದ ರೊದಿಯೊನ್. "ಜನ ಬೈಯೋಕೆ ಅಂತಲೇ ಟಿಕೇಟು ತಗೊಂಡು ಬರ್ತಿದ್ರಂತೆ. ಒಬ್ಬ ಮುದುಕ ಚಿತ್ರಕ್ಕೆ ಕೊಡೆಯಿಂದ ಹೊಡೆದನಂತೆ. ಆಮೇಲೆ ಕಾಲ ಬದಲಾಯ್ತು, ಸರ್ಕಾರಕ್ಕೆ ಇವು ಕಂಡ್ರೆ ಆಗ್ತಿರಲಿಲ್ಲ. ಇಂಥ ಚಿತ್ರ ಬರೆದವರಿಗೆಲ್ಲ ಗ್ರಹಚಾರ ಕಾದಿತ್ತು. ಇವರು ಸುಮ್ಮನಾದ್ರು. ಆದ್ರೆ ಚಿತ್ರಗಳನ್ನ ಯಾರಿಗೂ ಮಾರಲಿಲ್ಲ, ಕೊಡಲಿಲ್ಲ. ಎಲ್ಲ ಮನೇಲೇ ಇಟ್ಕೊಂಡಿದ್ರು ಅಂತ ಗೊತ್ತು." ಅವನು ಕೋಣೆಯ ಬರಿ ಗೋಡೆಗಳನ್ನು ಸುತ್ತಲೂ ನೋಡಿದ. "ಎಲ್ಲಿವೆ ಅವು?"

ಉತ್ತರ ಗೊತ್ತಿದ್ದವಳು ಗ್ಲಾಫಿರಾ ಒಬ್ಬಳೇ.

"ಸುಟ್ಟೆವು," ಎಂದಳು.

"ಏನಂದ್ರಿ?"

"ಒಲೆಗೆ ಹಾಕಿದ್ವಿ ಸ್ವಾಮಿ. ನಾನೇ ಕೊಡಲಿ ಹಿಡಿದು ಸೀಳ್ದೆ. ಅಲ್ಲಿ ಕೂತಿದಾಳಲ್ಲ, ಇವಳಿಗೋಸ್ಕರ."

*

ಆ ಚಳಿಗಾಲ ಗ್ಲಾಫಿರಾಳ ಗಂಡ ಯುದ್ಧಕ್ಕೆ ಹೋದವನು ಹಿಂದಿರುಗಿರಲಿಲ್ಲ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಬರುತ್ತಿದ್ದಳು. ನಾಲ್ಕು ವರ್ಷದ ತಾಸ್ಯಾಳನ್ನು ಅಗ್ನಿಯಾ ಪಾವ್ಲೊವ್ನಾ ನೋಡಿಕೊಳ್ಳುತ್ತಿದ್ದಳು. ನಂಟಸ್ತಿಕೆ ಏನೂ ಇರಲಿಲ್ಲ, ಗೋಡೆಯ ಆಚೆ ಈಚೆ ಇದ್ದವರು, ಅಷ್ಟೆ.

ಸೌದೆ ಮುಗಿದ ದಿನ ಆಕೆ ತಾನಾಗಿಯೇ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ ಹಲಗೆಗಳನ್ನು ತೋರಿಸಿದಳು. ಗ್ಲಾಫಿರಾಳನ್ನು ಆಕೆ ಮುದ್ದಿನಿಂದ ಗ್ಲಾಶಾ ಎನ್ನುತ್ತಿದ್ದಳು.

"ಗ್ಲಾಶಾ, ಇವನ್ನ ತಗೋ. ಒಣಗಿದ ಮರ, ಚೆನ್ನಾಗಿ ಉರಿಯುತ್ತೆ."

"ನಿಮ್ಮ ಚಿತ್ರ ಅಲ್ವಾ ಪಾವ್ಲೊವ್ನಾ?"

"ಹೌದು. ಬಣ್ಣ ಇರೋ ಕಡೆ ಇನ್ನೂ ಚೆನ್ನಾಗಿ ಉರಿಯುತ್ತೆ."

ನಿಜ, ಚೆನ್ನಾಗಿಯೇ ಉರಿದವು. ಒಂದೊಂದು ಹಲಗೆ ಒಂದೊಂದು ಬಣ್ಣದ ಜ್ವಾಲೆ ಬಿಡುತ್ತಿತ್ತು, ಒಮ್ಮೆ ಹಸಿರು, ಒಮ್ಮೆ ನೀಲಿ. ತಾಸ್ಯಾ ಚಪ್ಪಾಳೆ ತಟ್ಟುತ್ತಿದ್ದಳು. ಅಗ್ನಿಯಾ ಪಾವ್ಲೊವ್ನಾ ಒಲೆಯ ಕಡೆ ನೋಡದೆ ಮಗುವಿನ ಮುಖವನ್ನೇ ನೋಡುತ್ತಿದ್ದಳು. ಅವು ಆಕೆಗೆ ಏನಾಗಿದ್ದವು ಎಂದು ಗ್ಲಾಫಿರಾ ಆಗ ಯೋಚಿಸಲಿಲ್ಲ. ಹೊಟ್ಟೆಯಲ್ಲಿ ಬೆಂಕಿ ಬಿದ್ದಾಗ ಹಲಗೆ ಎಂದರೆ ಹಲಗೆ.

ಮಗುವನ್ನು ಬೆಚ್ಚಗಿಡಲು ಆಕೆ ಮೇಜಿನ ಸುತ್ತ ಕಂಬಳಿ ಇಳಿಬಿಟ್ಟು ಡೇರೆ ಮಾಡಿದಳು. ಒಲೆ ಪಕ್ಕದಲ್ಲೇ. ತಾಸ್ಯಾ ಇಡೀ ದಿನ ಮೇಜಿನ ಕೆಳಗೆ ಮಲಗಿರುತ್ತಿದ್ದಳು. ಎಲ್ಲ ಹಲಗೆ ಮುಗಿದ ಮೇಲೆ ಗ್ಲಾಫಿರಾ ಕೊಡಲಿ ಹಿಡಿದು ಆ ಮೇಜಿಗೇ ಬಂದಳು. ಅಗ್ನಿಯಾ ಪಾವ್ಲೊವ್ನಾ ಅಡ್ಡ ನಿಂತಳು.

"ಇದು ಬೇಡ. ನನ್ನ ಮಂಚ ಒಡಿ."

ಉಳಿದ ಚಳಿಗಾಲವೆಲ್ಲ ಆಕೆ ನೆಲದ ಮೇಲೆ ಮಲಗಿದಳು. ಮಗುವಿನ ಡೇರೆ ಬೇಕಲ್ಲ, ಅದಕ್ಕೇ ಇರಬೇಕು ಎಂದು ಗ್ಲಾಫಿರಾ ಸುಮ್ಮನಾದಳು.

ಎಣ್ಣೆಯ ವಿಷಯ ಹಾಗಲ್ಲ. ಬಣ್ಣ ಕಲಸಲು ಇಟ್ಟಿದ್ದ ಅಗಸೆ ಎಣ್ಣೆಯ ಶೀಶೆಯೊಂದು ಆಕೆಯ ಬಳಿ ಉಳಿದಿತ್ತು. ಅದರಲ್ಲಿ ರೊಟ್ಟಿ ಚೂರನ್ನು ಹುರಿದರೆ ಕಹಿ, ವಾಸನೆ, ಆದರೂ ಎಣ್ಣೆ. ಮೂರು ಪಾಲು ಮಾಡಿ ದಿನಕ್ಕಿಷ್ಟು ಎಂದು ಹುರಿದುಕೊಂಡರು. ಕೊನೆಗೆ ತಳದಲ್ಲಿ ಒಂದು ಚಮಚದಷ್ಟು ಉಳಿಯಿತು. ತಾಸ್ಯಾ ಕಣ್ಣು ಬಿಡುವುದನ್ನೇ ನಿಲ್ಲಿಸಿದ ದಿನ ಅದು. ಗ್ಲಾಫಿರಾ ಕೆಲಸಕ್ಕೆ ಹೊರಟವಳು, "ಸಂಜೆ ಆ ಎಣ್ಣೇನ ಇವಳ ಬಾಯಿಗೆ ಹಾಕೋಣ ಪಾವ್ಲೊವ್ನಾ," ಎಂದು ಹೇಳಿ ಹೋಗಿದ್ದಳು. ಸಂಜೆ ಬಂದಾಗ ಶೀಶೆ ಖಾಲಿ.

"ಎಣ್ಣೆ ಎಲ್ಲಿ?"

"ಅದು ನನ್ನ ಪಾಲಿಂದು, ಗ್ಲಾಶಾ. ಮಗೂನ ಪಾಲು ಮಗೂಗೆ ಕೊಟ್ಟಾಯ್ತು."

"ನುಂಗಿದ್ರಾ?"

ಅಗ್ನಿಯಾ ಪಾವ್ಲೊವ್ನಾ ತಲೆ ತಗ್ಗಿಸಿದಳು, ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಆ ರಾತ್ರಿ ಆಕೆ ತನ್ನ ರೊಟ್ಟಿಯನ್ನೆಲ್ಲ ನೆನೆಸಿ ಮಗುವಿನ ಬಾಯಿಗೆ ಹನಿಹನಿಯಾಗಿ ಬಿಟ್ಟಳು. ಮಗು ಬದುಕಿತು. ಹಿಮ ಕರಗುವ ಮೊದಲು ಗ್ಲಾಫಿರಾಳನ್ನೂ ಮಗುವನ್ನೂ ಹೆಪ್ಪುಗಟ್ಟಿದ ಸರೋವರದ ಮೇಲಿಂದ ಮುತ್ತಿಗೆಯ ಆಚೆ ಸಾಗಿಸಿದರು. ಯುದ್ಧ ಮುಗಿದು ಮರಳಿದಾಗ ಇಬ್ಬರೂ ತಬ್ಬಿಕೊಂಡು ಅತ್ತರು. ಆದರೆ ಆ ಮಾತು ಮತ್ತೆ ಬರಲಿಲ್ಲ. ಹಬ್ಬಕ್ಕೆ ಕಡುಬು ಮಾಡಿದಾಗ, ಒಟ್ಟಿಗೆ ಚಹಾ ಕುಡಿದಾಗ, ಇಪ್ಪತ್ತು ವರ್ಷದ ಮೇಲೂ ಆಕೆ ಬಾಣಲೆಗೆ ಎಣ್ಣೆ ಹಾಕುವುದನ್ನು ಕಂಡರೆ ಗ್ಲಾಫಿರಾಳ ಎದೆಯಲ್ಲಿ ಏನೋ ಚುಚ್ಚುತ್ತಿತ್ತು.

*

ರೊದಿಯೊನ್ ಕಿಟಕಿಯ ಕಡೆ ತಿರುಗಿ ನಿಂತಿದ್ದ. ಆ ಬೆನ್ನನ್ನು ನೋಡಿ ಗ್ಲಾಫಿರಾಗೆ ಈಗ ಅರ್ಥವಾಯಿತು. ತಾನು ಸೀಳಿ ಹಾಕಿದ್ದು ಹಲಗೆಯನ್ನಲ್ಲ, ಕುರ್ಚಿ ಹತ್ತಿ ನಿಂತ ಆ ಹುಡುಗಿಯ ಇಡೀ ಜೀವಮಾನವನ್ನು. ಅಷ್ಟನ್ನು ಬೆಂಕಿಗೆ ಕೊಟ್ಟವಳ ಮೇಲೆ ಒಂದು ಚಮಚ ಎಣ್ಣೆಗಾಗಿ ಮುನಿಸಿಕೊಂಡೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆ ಎಷ್ಟಾದರೂ ಮುಳ್ಳು ಮುಳ್ಳೇ, ಅದು ಅಲುಗಲಿಲ್ಲ.

"ಕ್ಷಮಿಸಿ," ಎಂದಳು.

"ನೀವ್ಯಾಕೆ ಕ್ಷಮೆ ಕೇಳ್ತೀರಮ್ಮ," ಎಂದ ರೊದಿಯೊನ್. "ನಾನೂ ಆ ಚಳಿಗಾಲ ಇದೇ ಊರಲ್ಲಿದ್ದೆ. ಅಪ್ಪನ ಪಿಟೀಲು ಸುಟ್ಟಿದೀವಿ." ಆಮೇಲೆ ಅವಳ ಕಡೆ ತಿರುಗಿ, "ಒಂದೂ ಉಳೀಲಿಲ್ವಾ? ಚಿಕ್ಕದು? ಎಲ್ಲಾದ್ರೂ ಅಟ್ಟದ ಮೇಲೆ?" ಎಂದು ಕೇಳಿದ.

"ಇಲ್ಲ ಸ್ವಾಮಿ."

ಕೆಳಗೆ ಬಸ್ಸು ಹಾರ್ನ್ ಹೊಡೆಯಿತು. ಪಯಣಕ್ಕೆ ಮುಂಚೆ ಕೂತು ಏಳುವ ವಾಡಿಕೆಯಂತೆ ಎಲ್ಲರೂ ಸಿಕ್ಕಿದ ಕಡೆ ಒಂದು ಗಳಿಗೆ ಕೂತು ಎದ್ದರು. ಕಾಲು ಮುಂದಾಗಿ ಪೆಟ್ಟಿಗೆ ಹೊರಗೆ ನಡೆಯಿತು. ಜಿನಾಯ್ದಾ ಮುಂದೆ ಮುಂದೆ ಮೆಟ್ಟಿಲ ಮೇಲೆ ಪೈನ್ ಜಾತಿಯ ಮರದ ಹಸಿರು ಸೊಪ್ಪು ಚೆಲ್ಲುತ್ತ ಇಳಿದಳು. ಗ್ಲಾಫಿರಾ ಬಾಗಿಲಲ್ಲಿ ನಿಂತು ಕಾದಳು. ಈಗಲೂ ಕಣ್ಣು ಒಣಗಿಯೇ ಇತ್ತು.

ನಂಟರಲ್ಲದ ಹೆಂಗಸೊಬ್ಬಳು ಹಿಂದೆ ಉಳಿದು ಸಾವಿನ ಕೋಣೆಯ ನೆಲ ತೊಳೆಯಬೇಕು, ಪೆಟ್ಟಿಗೆ ಇಟ್ಟಿದ್ದ ಮೇಜನ್ನೋ ಸ್ಟೂಲನ್ನೋ ಬೋರಲು ಹಾಕಬೇಕು. ಇಲ್ಲದಿದ್ದರೆ ಖಾಲಿ ಜಾಗ ಕಂಡು ಸಾವು ಇನ್ನೊಬ್ಬರನ್ನು ಕರೆದುಕೊಂಡು ಬರುತ್ತದೆ. ಆ ಕೆಲಸಕ್ಕೆ ಗ್ಲಾಫಿರಾ ಉಳಿದಳು. ಬಸುರಿ ಸ್ಮಶಾನಕ್ಕೆ ಹೋಗಬಾರದೆಂದು ತಾಸ್ಯಾಳೂ ಉಳಿದಳು.

"ನೀನು ಮುಟ್ಟಬೇಡ, ಅಲ್ಲೇ ಕೂತಿರು," ಎಂದು ಗ್ಲಾಫಿರಾ ಮೇಜಿನ ಹೊದಿಕೆ ಎಳೆದುಹಾಕಿ, ಭುಜ ಕೊಟ್ಟು ಮೇಜನ್ನು ಪಕ್ಕಕ್ಕೆ ಮಗುಚಿ, ಮೆಲ್ಲನೆ ಬೋರಲು ಮಾಡಿದಳು. ನಾಲ್ಕು ಕಾಲು ಮೇಲಾದವು. ಹಲಗೆಯ ಅಡಿಭಾಗಕ್ಕೆ ಒಂದು ಗೋಣಿಬಟ್ಟೆಯನ್ನು ಸುತ್ತಲೂ ಮೊಳೆ ಹೊಡೆದು ಬಿಗಿದಿತ್ತು.

"ಇದೇನಿದು, ಮೇಜಿಗೂ ಒಳಲಂಗ," ಎಂದಳು ಗ್ಲಾಫಿರಾ.

ತಾಸ್ಯಾ ಪೆಟಾರಿಯಿಂದ ಎದ್ದಳು. ಮುಖ ಬಿಳಿಚಿಕೊಂಡಿತ್ತು.

"ಅಮ್ಮಾ, ಅದನ್ನ ಕೀಳು."

"ಯಾಕೆ?"

"ಅದರ ಹಿಂದೆ ನನ್ನ ಸೂರ್ಯ ಇದೆ."

ಈ ಸೂರ್ಯನ ಮಾತನ್ನು ಗ್ಲಾಫಿರಾ ಹಿಂದೆಯೂ ಕೇಳಿದ್ದಳು. ಆ ಚಳಿಗಾಲದಲ್ಲಿ ತಾನು ಕೆಂಪು ಸೂರ್ಯನ ಕೆಳಗೆ ಮಲಗುತ್ತಿದ್ದೆ ಎಂದು ತಾಸ್ಯಾ ಚಿಕ್ಕವಳಿದ್ದಾಗ ಹೇಳುತ್ತಿದ್ದಳು. ಜ್ವರದ ಕನವರಿಕೆ ಎಂದುಕೊಂಡು ತಾಯಿ ತಲೆ ಸವರಿ ಸುಮ್ಮನಾಗುತ್ತಿದ್ದಳು. ಈಗ ಅವಳು ಅಡುಗೆಮನೆಯಿಂದ ಚಾಕು ತಂದು ಒಂದೊಂದೇ ಮೊಳೆ ಎಬ್ಬಿಸಿದಳು. ಗೋಣಿ ಸರಿಯಿತು.

ಮೊದಲು ಕಂಡದ್ದು ಕೆಂಪು. ದೊಡ್ಡದೊಂದು ಕೆಂಪು ವೃತ್ತ, ಅದನ್ನು ಸೀಳಿಕೊಂಡು ಹೋದ ಕಪ್ಪು ತೊಲೆ, ಆಚೆ ನೀಲಿ ಚೂರುಗಳು, ಹಳದಿಯ ಒಂದು ಗೆರೆ. ನೋಡುತ್ತ ನೋಡುತ್ತ ಅದು ಸೇತುವೆಯಂತೆ ಕಂಡಿತು, ಆಮೇಲೆ ಸೇತುವೆಯೂ ಅಲ್ಲವೆನಿಸಿತು. ಗ್ಲಾಫಿರಾಗೆ ಅರ್ಥವಾಗಲಿಲ್ಲ. ಆದರೆ ಬೂದು ಬಣ್ಣದ ಆ ಕೋಣೆಯಲ್ಲಿ ಒಲೆ ಹೊತ್ತಿಸಿದ ಹಾಗಾಯಿತು.

"ನೀನು ಕೆಲಸಕ್ಕೆ ಹೋದ ಮೇಲೆ ಪಾವ್ಲೊವ್ನಾ ದೊಡ್ಡಮ್ಮ ಗೋಣಿ ಸರಿಸಿ, ಮೇಣದಬತ್ತಿ ಚೂರು ಹಿಡಿದು ತೋರಿಸ್ತಿದ್ರು," ಎಂದಳು ತಾಸ್ಯಾ ನೆಲಕ್ಕೆ ಕೂತು. "ಇದು ನಿನ್ನ ಆಕಾಶ ಕಣೆ, ಇನ್ನೂ ಮುಗಿದಿಲ್ಲ, ಏನು ಬೇಕೋ ನೀನೇ ಬರಿ ಅಂತ ಒಲೆಯಿಂದ ಇದ್ದಿಲು ತೆಗೆದು ಕೊಡ್ತಿದ್ರು. ನಾನು ಕುದುರೆ ಬರೆದೆ. ನೋಡು, ಇಲ್ಲೇ ಇದೆ!"

ಚಿತ್ರದ ಕೆಳಮೂಲೆಯಲ್ಲಿ, ನೀಲಿ ಚೂರಿನ ಮೇಲೆ, ಇದ್ದಿಲಿನ ಒಂದು ಕುದುರೆ. ಐದು ಕಾಲು. ಸೊಟ್ಟ ಬಾಲ. ಹೊಟ್ಟೆ ಮಾತ್ರ ಗುಂಡಗೆ, ಚೆನ್ನಾಗಿ ಉಂಡ ಕುದುರೆಯ ಹೊಟ್ಟೆ.

ನೆಲ ತೊಳೆಯುವಷ್ಟರಲ್ಲಿ ಬಸ್ಸು ಹಿಂದಿರುಗಿತು. ಮೆಟ್ಟಿಲ ಮೇಲೆ ಕುಜ್ಮಿಚ್‌ನ ಕೆಮ್ಮು ಕೇಳಿಸಿತು.

"ಯೆಗೊರೊವ್ನಾ, ಸಾವಿನೂಟದ ದೋಸೆ ಬಿಸಿ ಇದೆಯಾ? ಕೈಕಾಲೆಲ್ಲ ಮರಗಟ್ಟಿ ಹೋಯ್ತು. ಮೇಜು ನೆಟ್ಟಗೆ ಮಾಡೋಣ, ಇವತ್ತಾದ್ರೂ ಆ ಕಾಲು..." ಎನ್ನುತ್ತ ಬಂದವನು ಹೊಸ್ತಿಲಲ್ಲೇ ಮಾತು ನುಂಗಿದ. "ಅದಕ್ಕೇನೇ ಮುಟ್ಟೋಕೆ ಬಿಡಲಿಲ್ವಾ ನೀನು?" ಎಂದು, ಅಲ್ಲಿಲ್ಲದವಳನ್ನು ಕೇಳಿದ.

ಅವನ ಹಿಂದೆ ಬಂದ ರೊದಿಯೊನ್ ಓವರ್‌ಕೋಟಿನಲ್ಲೇ ಒದ್ದೆ ನೆಲದ ಮೇಲೆ ಮೊಣಕಾಲೂರಿದ. ಫೋಟೋ ತೆಗೆದು ಪಕ್ಕದಲ್ಲಿ ಹಿಡಿದ. ಕುರ್ಚಿ ಹತ್ತಿ ನಿಂತ ಹುಡುಗಿಯ ತಲೆಯ ಹಿಂದೆ ಇದೇ ವೃತ್ತ, ಇದೇ ತೊಲೆ.

"ಇದೇ," ಎಂದ. "ಎಲ್ಲಕ್ಕಿಂತ ದೊಡ್ಡದು. ಕಾಲು ಬಡಿದು ಮೇಜು ಮಾಡಿಬಿಟ್ಟಿದಾರೆ!" ಅಳುತ್ತಿದ್ದನೋ ನಗುತ್ತಿದ್ದನೋ ಹೇಳುವಂತಿರಲಿಲ್ಲ. ಬೆರಳು ತಾಗಿಸದೆ ಗಾಳಿಯಲ್ಲೇ ಗೆರೆಗಳನ್ನು ಸವರುತ್ತ ಕೆಳಮೂಲೆಗೆ ಬಂದ. "ಅಯ್ಯೋ, ಇಲ್ಲಿ ಯಾರೋ ಮಗು ಗೀಚಿದೆ. ಪರವಾಗಿಲ್ಲ, ಇದ್ದಿಲು ತಾನೇ, ಒರೆಸಿದ್ರೆ ಹೋಗುತ್ತೆ."

ತಾಸ್ಯಾ ಕಿರುಚುವ ಮೊದಲೇ ಅವನು ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಕುದುರೆಯ ಬಾಲದ ಮೇಲೆ ಎಳೆದಾಗಿತ್ತು. ಗ್ಲಾಫಿರಾ ಅವನ ಮಣಿಕಟ್ಟು ಹಿಡಿದಳು.

"ಕೈ ತೆಗೀರಿ! ಅದು ನನ್ನ ಮಗಳದು!"

ಕುದುರೆ ಹಾಗೆಯೇ ಇತ್ತು. ಬಾಲದ ಒಂದು ಎಳೆಯೂ ಅಳಿಸಿರಲಿಲ್ಲ. ರೊದಿಯೊನ್ ಅಚ್ಚರಿಯಿಂದ ಬಗ್ಗಿ, ಬೆಳಕಿಗೆ ತಲೆ ಓರೆ ಮಾಡಿ ನೋಡಿದ. ಉಗುರಿನಿಂದ ಮೆಲ್ಲಗೆ ತಟ್ಟಿದ.

"ಇದರ ಮೇಲೆ ಎಣ್ಣೆ ಹಚ್ಚಿದಾರೆ," ಎಂದ. "ಅಗಸೆ ಎಣ್ಣೆ. ಒಣಗಿದ್ರೆ ಗಾಜಿನ ಹಾಗೆ ಹಿಡ್ಕೊಳ್ಳುತ್ತೆ. ವಿಚಿತ್ರ... ಇಡೀ ಚಿತ್ರಕ್ಕೆ ಹಚ್ಚಿಲ್ಲ. ತಮ್ಮ ಗೆರೆಗಳನ್ನೆಲ್ಲ ಹಾಗೇ ಬಿಟ್ಟು, ಈ ಕುದುರೆಗೆ ಮಾತ್ರ ಹಚ್ಚಿದಾರೆ. ಒಂದು ಚಮಚ ಸಾಕಾಗಿರಬೇಕು."

ಗ್ಲಾಫಿರಾಳ ಕಣ್ಣ ಮುಂದೆ ಆ ದಿನ ಬಂದು ನಿಂತಿತು: ಕಣ್ಣು ಬಿಡದ ಮಗು, ಮೇಜಿನ ಕೆಳಗೆ ಅಂಗಾತ ಮಲಗಿದ ಹಸಿದ ಹೆಂಗಸು, ಬೆರಳ ತುದಿಯಲ್ಲಿ ತನ್ನ ಪಾಲಿನ ಕೊನೆಯ ಎಣ್ಣೆ. ಮಗು ಉಳಿಯುವುದಿಲ್ಲ ಎಂದುಕೊಂಡಿದ್ದಳು ಆಕೆ. ಅದನ್ನು ತಾಯಿಗೆ ಹೇಳಲಾರದೆ ತಲೆ ತಗ್ಗಿಸಿದ್ದಳು. ಕುದುರೆಯಾದರೂ ಉಳಿಯಲಿ ಎಂದು ಹಚ್ಚಿದ್ದಳು.

ಗ್ಲಾಫಿರಾ ರೊದಿಯೊನ್‌ನ ಕೈಯಿಂದ ಕರವಸ್ತ್ರವನ್ನು ತೆಗೆದುಕೊಂಡು ಬಿಡಿಸಿ ನೋಡಿದಳು. ಮಗುಚಿ ಇನ್ನೊಂದು ಮಗ್ಗುಲನ್ನೂ ನೋಡಿದಳು. ಎಲ್ಲಿಯೂ ಒಂದು ಚುಕ್ಕೆ ಮಸಿಯಿರಲಿಲ್ಲ. ಅವಳು ಆ ಬಿಳಿ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು, ಮೇಲೆದ್ದ ನಾಲ್ಕು ಕಾಲುಗಳ ನಡುವೆ, ಕುದುರೆಯ ಪಕ್ಕ ಕೂತುಬಿಟ್ಟಳು. ಅದನ್ನು ಮುಖದಿಂದ ತೆಗೆದಾಗ ಅದು ಪೂರ್ತಿ ತೊಯ್ದಿತ್ತು.